ಒಪ್ಪಿಗೆ, ಒಪ್ಪಿಸು, ಮರ್ಜಿ: ಹುಡುಗಿಯ ಮಾತಿಗೆ ಯಾವ ಪದ?

ನಮಸ್ಕಾರ. ಕಲಬುರಗಿಯ ಆಶಾ ಕಾರ್ಯಕರ್ತೆಯರಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. 18 ತುಂಬದ ಹುಡುಗಿ ಬಸುರಾದರೆ ಏನು ಮಾಡಬೇಕು ಅನ್ನೋದು ವಿಷಯ. ಒಂದು ಪದದ ಹತ್ತಿರ ಕೆಲಸ ನಿಂತುಬಿಟ್ಟಿದೆ.

1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಪ್ರಕಾರ, ಅಂಥ ಹುಡುಗಿಯ ಗರ್ಭ ತೆಗೆಯಲು ಪೋಷಕರು ಬರೆದುಕೊಡಬೇಕು. ಅಪ್ಪ ಅಮ್ಮನೇ ಆಗಬೇಕಿಲ್ಲ, ಅವಳನ್ನು ನೋಡಿಕೊಳ್ಳುತ್ತಿರುವವರು ಸಾಕು. ಅದಕ್ಕೆ 'ಪೋಷಕರ ಒಪ್ಪಿಗೆ' ಅಂತ ಬರೆದೆ, ಹೊಂದಿತು. ತೊಡಕು ಬಂದದ್ದು ಹುಡುಗಿಯ ಮಾತಿಗೆ. ಪೋಷಕರು ಒಂದು, ಹುಡುಗಿ ಇನ್ನೊಂದು ಹೇಳಿದರೆ ಅವಳ ಮಾತಿಗೆ ಕೋರ್ಟು ಬೆಲೆ ಕೊಡಬೇಕು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಮಾತಿಗೆ ಏನನ್ನೋಣ?

'ಒಪ್ಪಿಗೆ' ಅಂದರೆ ಬೇರೆ ಯಾರೋ ಮೊದಲೇ ಗೊತ್ತುಮಾಡಿರುತ್ತಾರೆ, ಇವಳು ಹೂಂ ಅನ್ನಬೇಕು ಅಷ್ಟೇ. ಪಕ್ಕದಲ್ಲೇ 'ಒಪ್ಪಿಸು' ಬೇರೆ ಕೂತಿದೆ. ಪಾಠ ಒಪ್ಪಿಸುತ್ತೇವೆ, ಲೆಕ್ಕ ಒಪ್ಪಿಸುತ್ತೇವೆ, ಮದುವೆಯಲ್ಲಿ ಹೆಣ್ಣು ಒಪ್ಪಿಸುತ್ತೇವೆ. 'ಹುಡುಗಿಯನ್ನು ಒಪ್ಪಿಸಿದರು' ಅಂದರೆ ಮನವೊಲಿಸಿದರೋ, ಇನ್ನೊಬ್ಬರ ಕೈಗೆ ಕೊಟ್ಟರೋ? ಎರಡೂ ಆಗುತ್ತೆ ಅಲ್ವಾ. ಹದಿನೈದರ ಹುಡುಗಿಯ ವಿಷಯದಲ್ಲಿ ಈ ಎರಡರ್ಥ ನನಗೆ ಸರಿಬರುತ್ತಿಲ್ಲ.

'ಮರ್ಜಿ' ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಆದರೆ ಮೈಸೂರಿನ ಗೆಳತಿಗೆ ಅದು ಸಾಹೇಬರ ಮರ್ಜಿ ಕಾಯುವ ಮರ್ಜಿ. ನಮ್ಮಲ್ಲೂ 'ನಿನ್ನ ಮರ್ಜಿ' ಅನ್ನೋದು ಜಾಸ್ತಿ ಸಿಟ್ಟಿನಲ್ಲೇ. 'ಸಮ್ಮತಿ' ಅರ್ಜಿಯಲ್ಲೇ ಇರಲಿ ಬಿಡಿ.

ಕರಡನ್ನು ಪಕ್ಕದ ಓಣಿಯ ಆಶಾ ಅಕ್ಕನಿಗೆ ಓದಿದೆ. 'ಹುಡುಗಿಯ ಸಮ್ಮತಿ ಪಡೆಯುವುದು' ಅನ್ನೋ ಸಾಲಿಗೆ ಬಂದ ಕೂಡಲೇ ನಕ್ಕರು. "ಹಾಂಗ ಯಾರು ಕೇಳ್ತಾರ್ರೀ? ಚಾ ಇಡ್ರಿ ಅಂತ ಅವರವ್ವಗ ಒಳಗ ಕಳಸ್ತೀನಿ. ಆಮ್ಯಾಲ, ನಿನ್ನ ಮನಸಿನಾಗ ಏನದವಾ ಅಂತ ಕೇಳ್ತೀನಿ."

ಅದನ್ನೇ ಹಿಡಿದು 'ಹುಡುಗಿಯ ಮನಸ್ಸು ಕೇಳುವುದು' ಅಂತ ತಿದ್ದಿದೆ. ಕರಡು ನೋಡುವವರು ಇದು ಕಾನೂನಿನ ಭಾಷೆಯಲ್ಲ ಅಂತ ಕೆಂಪು ಗೆರೆ ಎಳೆದು ಕಳಿಸಿದ್ದಾರೆ. ವಿಚಿತ್ರ ಅಂದರೆ, ಬಸುರಿ ಅನ್ನುವ ಕಡೆ ಸುಮ್ನೆ ನಮ್ಮ 'ಹೊಟ್ಟೀಲೆ ಅದಾಳ' ಬಿಟ್ಟಿದ್ದೆ, ಅದಕ್ಕೆ ಗೆರೆ ಬಿದ್ದಿಲ್ಲ!

ಬೀದರ್, ಯಾದಗಿರಿ ಕಡೆಯವರು ಹುಡುಗಿಯನ್ನು ಹೀಗೆ ಕೇಳುವಾಗ ಏನನ್ನುತ್ತೀರಿ? 'ಮನಸ್ಸು ಕೇಳು' ಅಂದರೆ ನಿಮ್ಮಲ್ಲೂ ಇದೇ ಅರ್ಥವಾ? ಶುಕ್ರವಾರದೊಳಗೆ ತಿಳಿಸಿದರೆ ಕರಡಿಗೆ ಸೇರಿಸುತ್ತೇನೆ.