ವಿಮಾನ ರದ್ದಾಯಿತು, ಟಿಕೆಟ್ ಹಣವಷ್ಟೇ ಬಂತು: ಪರಿಹಾರ ಪಡೆದವರು ಇದ್ದರೆ ಅನುಭವ ಹೇಳಿ

ಕದ್ರಿ ನಿವಾಸಿ:
ಕಳೆದ ತಿಂಗಳು ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ತೋರಿಸಲು ಮಂಗಳೂರಿನಿಂದ ಸಂಜೆ 6.40ರ ವಿಮಾನಕ್ಕೆ ಎರಡು ಟಿಕೆಟ್ ಮಾಡಿಸಿದ್ದೆ. ಮಧ್ಯಾಹ್ನ 3.10ಕ್ಕೆ, ಅಮ್ಮ ಚಪ್ಪಲಿ ಮೆಟ್ಟಿ ಜಗಲಿಯಲ್ಲಿ ಕುಳಿತಿದ್ದಾಗ, ‘ಕಾರ್ಯಾಚರಣೆಯ ಕಾರಣಗಳಿಂದ’ ರದ್ದಾಗಿದೆ ಎಂದು ಸಂದೇಶ ಬಂತು. ಬದಲಿ ವಿಮಾನ ಮರುದಿನ ಸಂಜೆಗೆ. ವೈದ್ಯರ ಭೇಟಿ ಬೆಳಿಗ್ಗೆ 9.30ಕ್ಕೆ, ಅದೂ ಮೂರು ವಾರ ಕಾದು ಸಿಕ್ಕಿದ್ದು. ಟ್ಯಾಕ್ಸಿ ಮಾಡಿಕೊಂಡು ಶಿರಾಡಿ ಹತ್ತಿದೆವು. ₹9,500, ಟೋಲ್ ಬೇರೆ. ಟಿಕೆಟಿನ ಹಣ ₹7,860 ಹನ್ನೊಂದನೆಯ ದಿನ ಖಾತೆಗೆ ಬಂತು. ಪರಿಹಾರ ಕೇಳಿದರೆ ‘ನಿಯಮದಂತೆ ಮರುಪಾವತಿ ಮಾಡಲಾಗಿದೆ’ ಎಂಬ ಒಂದೇ ಸಾಲಿನ ಉತ್ತರ. ಯಾರಾದರೂ ನಿಜವಾಗಿ ಪರಿಹಾರ ಪಡೆದಿದ್ದೀರಾ? ಟ್ಯಾಕ್ಸಿ ಹಣ ಕೇಳಬಹುದೇ?

ನಿವೃತ್ತ ಗುಮಾಸ್ತ, ದಾವಣಗೆರೆ:
ತಮ್ಮಾ, ನಾನು ಪಡೆದಿದ್ದೇನೆ. ಹತ್ತೊಂಬತ್ತು ತಿಂಗಳು ಹಿಡಿಯಿತು. ಒಂದೊಂದು ಕಾಗದವೂ ಕಡತದಲ್ಲಿದೆ, ಆದ್ದರಿಂದ ಅಂಕಿ ತಪ್ಪುವುದಿಲ್ಲ.

2022ರ ನವೆಂಬರ್‌ನಲ್ಲಿ ತಂಗಿಯ ಮಗನ ಮದುವೆಗೆ ನಾನು, ನನ್ನ ಹೆಂಡತಿ, ಅತ್ತಿಗೆ ದೆಹಲಿಗೆ ಹೊರಟಿದ್ದೆವು. ದೇವನಹಳ್ಳಿಯಲ್ಲಿ ಬ್ಯಾಗು ಕೊಟ್ಟಾಗಿತ್ತು, ಗೇಟಿನ ಮುಂದೆ ಎರಡು ಗಂಟೆ ಕೂರಿಸಿ ರದ್ದು ಎಂದರು. ಕೊಟ್ಟ ಬ್ಯಾಗು ವಾಪಸ್ ಸಿಗಲು ಒಂದು ಗಂಟೆ ನಲವತ್ತು ನಿಮಿಷ. ಅದೇ ರಾತ್ರಿ ಬೇರೆ ಕಂಪನಿಯ ಟಿಕೆಟ್ ಕೊಂಡೆ, ತಲೆಗೆ ₹14,300. ಮೊದಲಿನದು ತಲೆಗೆ ₹5,900 ಇತ್ತು. ಮುಹೂರ್ತಕ್ಕೆ ಮುಟ್ಟಿದೆವು, ನಾಂದಿ ತಪ್ಪಿತು. ಸೋದರಮಾವ ಇರಲೇಬೇಕಾದ ಕಾರ್ಯ ಅದು. ತಂಗಿ ಇಂದಿಗೂ ಆ ಮಾತು ಎತ್ತುತ್ತಾಳೆ.

₹10,000 ಪರಿಹಾರ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ವಿಮಾನಯಾನದ ಮೇಲ್ವಿಚಾರಣೆ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮವನ್ನು ಪೂರ್ತಿ ಓದಿದವರು ಕಡಿಮೆ. ಎರಡು ಗಂಟೆಗಿಂತ ಹೆಚ್ಚಿನ ಹಾರಾಟಕ್ಕೆ ₹10,000, ಇಲ್ಲವೇ ಒಂದು ಬದಿಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಆ ‘ಕಡಿಮೆ’ ಎಂಬ ಪದವೇ ನನ್ನ ಹೊಟ್ಟೆ ಉರಿಸಿದ್ದು. ನನ್ನ ಲೆಕ್ಕಕ್ಕೆ ಬಂದದ್ದು ತಲೆಗೆ ₹4,112. ಅದನ್ನೂ ಕೊಡಲಿಲ್ಲ, ‘ಬದಲಿ ವಿಮಾನ ಕೊಟ್ಟಿದ್ದೆವು’ ಎಂದರು. ನಿಯಮ ಹೇಳುವುದು ಪ್ರಯಾಣಿಕ ಒಪ್ಪುವ ಬದಲಿ ವಿಮಾನ. ಅವರು ತೋರಿಸಿದ್ದು ಮರುದಿನ ಮಧ್ಯಾಹ್ನದ್ದು. ಒಪ್ಪುವುದಿಲ್ಲವೆಂದು ಕೌಂಟರಿನಲ್ಲೇ ಬರೆದುಕೊಟ್ಟು, ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡಿದ್ದೆ. ಕೊನೆಗೆ ನನ್ನನ್ನು ಗೆಲ್ಲಿಸಿದ್ದು ಆ ಒಂದು ಹಾಳೆ.

ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಹಾಕಿದೆ. 2019ರ ಕಾಯ್ದೆಯಲ್ಲಿ ದೂರುದಾರ ವಾಸಿಸುವ ಊರಿನಲ್ಲೇ ಹಾಕಲು ಅವಕಾಶವಿದೆ. ₹5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರನ್ನು ಇಡಲಿಲ್ಲ, ಕನ್ನಡದಲ್ಲಿ ನಾನೇ ಬರೆದೆ. ಜೆರಾಕ್ಸ್ ₹412, ನೋಟರಿ ₹300, ರಿಜಿಸ್ಟರ್ಡ್ ಪೋಸ್ಟ್ ₹186, ಹದಿನೇಳು ವಾಯಿದೆಗೆ ಆಟೋ ₹2,040. ಆರು ವಾಯಿದೆಯಲ್ಲಿ ಅವರ ವಕೀಲರು ಕಾಲಾವಕಾಶ ಕೇಳಿದರು. ‘ತಾಂತ್ರಿಕ ದೋಷ’ ಎಂದು ತಕರಾರು ಸಲ್ಲಿಸಿದರೇ ಹೊರತು ದೋಷದ ದಾಖಲೆ ತರಲಿಲ್ಲ. ಆದೇಶ: ದರದ ವ್ಯತ್ಯಾಸ ₹25,200, ಮಾನಸಿಕ ಯಾತನೆಗೆ ₹15,000, ದಾವೆ ಖರ್ಚು ₹5,000. ಆದೇಶವಾದ ಮೇಲೂ ಹಣ ಬರಲಿಲ್ಲ. ಜಾರಿಗಾಗಿ ಮತ್ತೊಂದು ಅರ್ಜಿ ಹಾಕಿದ ಮೇಲೆ ಡಿಡಿ ಬಂತು.

ಮಂಜಿನಲ್ಲಿ ಸಿಕ್ಕವನು, ಕಲಬುರಗಿ:
ಗುಮಾಸ್ತರಿಗೆ ಒಳ್ಳೆಯ ಅದೃಷ್ಟ. ಎಲ್ಲರಿಗೂ ಹಾಗಾಗುವುದಿಲ್ಲ ಎಂಬುದನ್ನೂ ಕದ್ರಿಯವರು ತಿಳಿಯಲಿ.

ನಾನು ಜನವರಿಯ ಮಂಜಿನಲ್ಲಿ ದೆಹಲಿಯಲ್ಲಿ ಹನ್ನೊಂದು ಗಂಟೆ ಸಿಕ್ಕಿಹಾಕಿಕೊಂಡಿದ್ದೆ. ವಕೀಲರಿಗೆ ₹12,000 ಕೊಟ್ಟು ದೂರು ಹಾಕಿಸಿದೆ. ಹವಾಮಾನ ಕಂಪನಿಯ ಕೈಯಲ್ಲಿಲ್ಲ ಎಂದು ವಜಾ ಆಯಿತು. ಅವರ ಕಡೆಯವರು 2011ರ ಸುಪ್ರೀಂ ಕೋರ್ಟ್ ತೀರ್ಪನ್ನು ಓದಿದರು. ಅದೂ ದೆಹಲಿಯ ಮಂಜು, ಅದೂ ಹೆಚ್ಚುಕಡಿಮೆ ಹನ್ನೊಂದು ಗಂಟೆಯ ವಿಳಂಬ. ಹೈದರಾಬಾದಿನ ಪ್ರಯಾಣಿಕರಿಗೆ ಸಿಕ್ಕಿದ್ದ ₹10,000ವನ್ನೂ ರದ್ದು ಮಾಡಿದ್ದರು. ನನ್ನ ವಕೀಲರಿಗೆ ಆ ತೀರ್ಪು ಗೊತ್ತೇ ಇರಲಿಲ್ಲ! ಇನ್ನು, ಬರೀ ವಿಳಂಬಕ್ಕೆ ನಮ್ಮ ನಿಯಮದಲ್ಲಿ ನಗದು ಪರಿಹಾರವೇ ಇಲ್ಲ. ಊಟ, ತಿಂಡಿ, ಆರು ಗಂಟೆ ಮೀರಿದರೆ ಬೇರೆ ವಿಮಾನ ಇಲ್ಲವೇ ಹಣ ವಾಪಸ್, ತೀರಾ ತಡವಾದರೆ ಹೋಟೆಲ್ ಕೋಣೆ, ಅಷ್ಟೇ. ₹12,000 ಹೋಯಿತು, ಶಾಲೆಗೆ ಹಾಕಿದ ರಜೆ ಹದಿನಾಲ್ಕು.

ನಿವೃತ್ತ ಗುಮಾಸ್ತ, ದಾವಣಗೆರೆ:
ಅದೃಷ್ಟ ಎನ್ನಬೇಡಿ. ಹದಿನೇಳು ವಾಯಿದೆಗೂ ಹಾಜರಿದ್ದವನು ನಾನು, ಅದೃಷ್ಟವಲ್ಲ. ಅದೇ 2011ರ ತೀರ್ಪಿನಲ್ಲಿ, ಮಂಜಿದ್ದರೂ ಪ್ರಯಾಣಿಕರ ಯೋಗಕ್ಷೇಮ ನೋಡುವ ಹೊಣೆ ಕಂಪನಿಯದೇ ಎಂದಿದೆ. ಹನ್ನೊಂದು ಗಂಟೆಯಲ್ಲಿ ನಿಮಗೆ ಏನು ತಿನ್ನಲು ಕೊಟ್ಟರು?

ಮಂಜಿನಲ್ಲಿ ಸಿಕ್ಕವನು, ಕಲಬುರಗಿ:
ಆರು ಗಂಟೆಯ ಮೇಲೆ ಒಂದು ತಣ್ಣನೆಯ ಸ್ಯಾಂಡ್‌ವಿಚ್, ಒಂದು ಪೊಟ್ಟಣ ಹಣ್ಣಿನ ರಸ. ನನಗೆ ಸಕ್ಕರೆ ಕಾಯಿಲೆ.

ನಿವೃತ್ತ ಗುಮಾಸ್ತ, ದಾವಣಗೆರೆ:
ದೂರಿನಲ್ಲಿ ಅದನ್ನು ಬರೆಯಬೇಕಿತ್ತು. ವಿಳಂಬಕ್ಕೆ ಕೇಳಿದಿರಿ, ಹಸಿವಿಗೆ ಕೇಳಲಿಲ್ಲ.

ಮಂಜಿನಲ್ಲಿ ಸಿಕ್ಕವನು, ಕಲಬುರಗಿ:
ಮುಗಿದ ದಾವೆಯನ್ನು ಮನೆಯಲ್ಲಿ ಕುಳಿತು ಗೆಲ್ಲುವುದು ಸುಲಭ, ಯಜಮಾನರೇ.

ಮೈನ್ ದಂಡೆಯ ಕನ್ನಡತಿ, ಫ್ರಾಂಕ್‌ಫರ್ಟ್:
ಇದನ್ನೆಲ್ಲ ಓದಿ ಬೇಸರವಾಗುತ್ತಿದೆ. ಇಲ್ಲಿ ಹೀಗಿಲ್ಲ. ಯುರೋಪಿನ 261ನೇ ನಿಯಮ 2005ರಿಂದ ಜಾರಿಯಲ್ಲಿದೆ: 1,500 ಕಿಲೋಮೀಟರಿನವರೆಗೆ 250 ಯೂರೊ, 3,500 ದಾಟಿದ ದೂರದ ಹಾರಾಟಕ್ಕೆ 600. ಟಿಕೆಟ್ ಎಷ್ಟಕ್ಕೆ ಕೊಂಡೆ ಎಂದು ಯಾರೂ ಕೇಳುವುದಿಲ್ಲ. ಮೂರು ಗಂಟೆ ತಡವಾಗಿ ಇಳಿದರೂ ಪರಿಹಾರ ಕೊಡಬೇಕು ಎಂದು ಯುರೋಪಿನ ನ್ಯಾಯಾಲಯ 2009ರಲ್ಲಿ ಹೇಳಿತು.

ನಾನು ಮಗಳೊಂದಿಗೆ ಬೆಂಗಳೂರಿಗೆ ಬರುವಾಗ ರಾತ್ರಿ 1.30ಕ್ಕೆ ಇಳಿಯಬೇಕಾದದ್ದು ಬೆಳಿಗ್ಗೆ 6.08ಕ್ಕೆ. ಚಕ್ರ ನೆಲ ಮುಟ್ಟಿದ ಹೊತ್ತು ಲೆಕ್ಕಕ್ಕಿಲ್ಲ, ಬಾಗಿಲು ತೆರೆದ ಹೊತ್ತು ಲೆಕ್ಕ. ಅದು ತಿಳಿದಿದ್ದರಿಂದ ಬಾಗಿಲು ತೆರೆಯುವಾಗ ಮೊಬೈಲಿನಲ್ಲಿ ಚಿತ್ರ ತೆಗೆದೆ. ನಿದ್ದೆಗಣ್ಣಿನ ಮಗಳು ನನ್ನ ದುಪಟ್ಟಾ ಹಿಡಿದು ನಿಂತಿರುವುದೂ ಅದರಲ್ಲಿದೆ. ಕಂಪನಿ ‘ಅಸಾಧಾರಣ ಪರಿಸ್ಥಿತಿ’ ಎಂದು ಒಂಬತ್ತು ವಾರದ ಮೇಲೆ ನಿರಾಕರಿಸಿತು. ಸಾಮಾನ್ಯ ತಾಂತ್ರಿಕ ದೋಷ ಅಸಾಧಾರಣವಲ್ಲ ಎಂಬ 2008ರ ತೀರ್ಪನ್ನು ಉಲ್ಲೇಖಿಸಿ, ಇಲ್ಲಿನ ಪ್ರಯಾಣಿಕರ ರಾಜಿ ಮಂಡಳಿಗೆ ಬರೆದೆ. ನನ್ನ ಖರ್ಚು ಸೊನ್ನೆ. ಏಳನೆಯ ತಿಂಗಳು 1,200 ಯೂರೊ ಬಂತು. ದಯವಿಟ್ಟು ಪರಿಹಾರ ಕೊಡಿಸುವ ದಲ್ಲಾಳಿ ಕಂಪನಿಗಳಿಗೆ ಕೊಡಬೇಡಿ, ಮೂರನೇ ಒಂದು ಪಾಲು ನುಂಗುತ್ತವೆ.

ಡಬ್ಲಿನ್‌ನಿಂದ ಒಬ್ಬ ತಂದೆ:
ನಾನು ಆ ‘ದಲ್ಲಾಳಿ’ಗೇ ಕೊಟ್ಟವನು. 600 ಯೂರೊದಲ್ಲಿ 390 ಕೈಗೆ ಬಂತು, ಅದಕ್ಕೆ ಪಶ್ಚಾತ್ತಾಪವಿಲ್ಲ. ಆ ವಾರ ನನ್ನ ಮಗ ಹುಟ್ಟಿದ್ದ, ಹೆಂಡತಿಗೆ ಸಿಸೇರಿಯನ್ ಆಗಿತ್ತು. ಒಂಬತ್ತು ವಾರ ಪತ್ರ ಬರೆಯುತ್ತ ಕೂರುವ ಸ್ಥಿತಿ ಎಲ್ಲರಿಗೂ ಇರುವುದಿಲ್ಲ, ಮೇಡಂ. 210 ಯೂರೊ ನನ್ನ ನಿದ್ದೆಗೆ ಕೊಟ್ಟ ಬೆಲೆ.

ಮೈನ್ ದಂಡೆಯ ಕನ್ನಡತಿ, ಫ್ರಾಂಕ್‌ಫರ್ಟ್:
ನನಗೂ ಕೆಲಸ, ಮಗು ಎರಡೂ ಇವೆ. ಬರೆಯಲು ಹಿಡಿದದ್ದು ಒಟ್ಟು ಮೂರು ಸಂಜೆ. 210 ಯೂರೊ ಎಂದರೆ ಊರಿನಲ್ಲಿ ನನ್ನ ಅಪ್ಪನ ಎರಡು ತಿಂಗಳ ಔಷಧಿ.

ಮೈಸೂರಿನಿಂದ, ಬರಿಗೈಯವನು:
ಯುರೋಪಿನ ನಿಯಮ ಎಂದು ಆಸೆ ಹುಟ್ಟಿಸುವವರು ಒಂದು ವಿಷಯ ಬಿಡುತ್ತಾರೆ. ಯುರೋಪಿನಿಂದ ಹೊರಡುವಾಗ ಯಾವ ಕಂಪನಿಯಾದರೂ ಅನ್ವಯ. ಇಲ್ಲಿಂದ ಅಲ್ಲಿಗೆ ಹೋಗುವಾಗ ಯುರೋಪಿನ ಕಂಪನಿಯಾಗಿದ್ದರೆ ಮಾತ್ರ. ನಾನು ₹8,000 ಉಳಿಸಲೆಂದು ಕೊಲ್ಲಿಯ ಕಂಪನಿಯಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೋದೆ, ಹತ್ತೊಂಬತ್ತು ಗಂಟೆ ತಡ. ಯುರೋಪಿನ ನಿಯಮದಡಿ ಒಂದು ಸೆಂಟೂ ಇಲ್ಲ. ಅಂತರರಾಷ್ಟ್ರೀಯ ವಿಮಾನ ಪ್ರಯಾಣದ ಮಾಂಟ್ರಿಯಲ್ ಒಪ್ಪಂದದಲ್ಲಿ ಕೇಳೋಣವೆಂದರೆ ನಷ್ಟವನ್ನು ರಸೀದಿ ಸಹಿತ ತೋರಿಸಬೇಕು. ನನ್ನ ಬಳಿ ಇದ್ದದ್ದು ಒಂದು ಹೋಟೆಲ್ ರಸೀದಿ. ಅದನ್ನು ಹುಡುಕಿ ತೆಗೆಯುವ ಹೊತ್ತಿಗೆ ಎರಡು ವರ್ಷದ ಗಡುವು ದಾಟಿತ್ತು.

ಹುಬ್ಬಳ್ಳಿ ವ್ಯಾಪಾರಿ:
ಕದ್ರಿಯವರೇ, ಟಿಕೆಟ್ ನೀವೇ ಮಾಡಿದ್ದೋ ಏಜೆಂಟ್ ಮಾಡಿದ್ದೋ? ನನ್ನ ಏಜೆಂಟ್ ಹದಿನೈದು ವರ್ಷದ ಪರಿಚಯದವನು. ನನ್ನ ಮೊಬೈಲ್ ಸಂಖ್ಯೆಯ ಬದಲು ತನ್ನದನ್ನು ಹಾಕಿದ್ದ. ರದ್ದಾದ ಸಂದೇಶ ಹಿಂದಿನ ದಿನವೇ ಅವನಿಗೆ ಬಂದಿದೆ, ಅವನು ನೋಡಿಲ್ಲ. ಸರಿಯಾದ ಸಂಪರ್ಕ ವಿವರ ಕೊಡದ ಪ್ರಯಾಣಿಕನಿಗೆ ಪರಿಹಾರವಿಲ್ಲ ಎಂದು ನಿಯಮದಲ್ಲೇ ಇದೆಯಂತೆ. ಮುಂಬೈಯಲ್ಲಿ ನನಗಾಗಿ ಕಾದಿದ್ದ ಪಾರ್ಟಿ ಬೇರೆಯವನಿಗೆ ಮಾಲು ಕೊಟ್ಟ, ₹1,40,000ದ ವ್ಯವಹಾರ ಕೈ ತಪ್ಪಿತು. ಏಜೆಂಟ್ ಮನೆಗೆ ಬಂದು ಪೇಡಾ ಕೊಟ್ಟು ಹೋದ. ಆ ಡಬ್ಬಿಯನ್ನು ನಾನು ಬಿಚ್ಚಲಿಲ್ಲ.

ಬೆಳಗಾವಿಯ ಸೊಸೆ:
ನನ್ನ ಅತ್ತೆ ಒಬ್ಬರೇ ಬರುವಾಗ ಗೇಟು ಬದಲಾದದ್ದನ್ನು ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಹೇಳಿದರು. ಬೆಂಗಳೂರಿನ ನೆಲದಲ್ಲಿ! ಅವರಿಗೆ ಬರುವುದು ಕನ್ನಡ, ಮರಾಠಿ. ಮೊದಲಿನ ಗೇಟಿನಲ್ಲೇ ಕುಳಿತಿದ್ದರು, ವಿಮಾನ ಹೋಯಿತು. ಹೊಸ ಟಿಕೆಟ್‌ಗೆ ₹6,450. ದೂರು ಕೊಡಲು ಹೋದರೆ ಕೌಂಟರಿನ ಹುಡುಗಿ ತಲೆ ಎತ್ತಿಯೂ ನೋಡಲಿಲ್ಲ. ಅಲ್ಲೇ ಗಟ್ಟಿಯಾಗಿ ಬೈದೆ, ಮೊಬೈಲಿನಲ್ಲಿ ಚಿತ್ರೀಕರಿಸಿಯೂ ಇದ್ದೇನೆ.

ಕೌಂಟರಿನ ಆಚೆ ಇದ್ದವಳು:
ಆರು ವರ್ಷ ಆ ಕೌಂಟರಿನಲ್ಲಿ ನಿಂತವಳು ನಾನು. ಕನ್ನಡದಲ್ಲಿ ಹೇಳಬೇಕು ಎಂಬುದು ನ್ಯಾಯ, ನಾವೂ ಕೇಳಿದ್ದೆವು. ಆದರೆ ವಿಮಾನ ಏಕೆ ರದ್ದಾಯಿತು ಎಂಬುದು ಕೌಂಟರಿನವರಿಗೆ ಬಹಳ ಸಲ ಪ್ರಯಾಣಿಕರಿಗಿಂತ ತಡವಾಗಿ ತಿಳಿಯುತ್ತದೆ. ಒಂದು ರಾತ್ರಿ ಒಬ್ಬರು ನನ್ನ ಮೇಲೆ ನೀರಿನ ಬಾಟಲಿ ಎಸೆದರು. ಹುಬ್ಬಿನ ಮೇಲೆ ಎರಡು ಹೊಲಿಗೆ ಬಿತ್ತು. ಆ ವಿಮಾನವನ್ನು ನಾನು ರದ್ದು ಮಾಡಿರಲಿಲ್ಲ. ಚಿತ್ರೀಕರಣದಿಂದ ಆ ಹುಡುಗಿಯ ಕೆಲಸ ಹೋಗಬಹುದು, ನಿಮ್ಮ ₹6,450 ಬರುವುದಿಲ್ಲ.

ಕದ್ರಿಯವರಿಗೆ ಒಂದು ಮಾತು: ‘ಕಾರ್ಯಾಚರಣೆಯ ಕಾರಣ’ ಎಂಬ ಆ ಸಂದೇಶವನ್ನು ಅಳಿಸಬೇಡಿ. ಹವಾಮಾನವಾಗಿದ್ದರೆ ಹವಾಮಾನ ಎಂದೇ ಬರೆಯುತ್ತಿದ್ದರು. ಕಾರಣವನ್ನು ಲಿಖಿತವಾಗಿ ಕೊಡಿ ಎಂದು ಇಮೇಲಿನಲ್ಲಿ ಕೇಳಿ. ನಾಳೆ ಅವರು ಮಳೆ ಎಂದರೆ, ಅದೇ ಹೊತ್ತಿಗೆ ಬಜ್ಪೆಯಿಂದ ಬೇರೆ ವಿಮಾನಗಳು ಹಾರಿದ್ದನ್ನು ತೋರಿಸಬಹುದು.

ಬೆಳಗಾವಿಯ ಸೊಸೆ:
ಬಾಟಲಿ ಎಸೆದವರೊಂದಿಗೆ ನನ್ನನ್ನು ಸೇರಿಸಬೇಡಿ. ಎಪ್ಪತ್ತೆರಡು ವರ್ಷದ ಹೆಂಗಸು ರಾತ್ರಿಯಿಡೀ ಕುರ್ಚಿಯ ಮೇಲೆ ಕುಳಿತಿದ್ದರು.

ಸುಳ್ಯದವನು:
ಮಂಗಳೂರು–ಬೆಂಗಳೂರು ಟ್ಯಾಕ್ಸಿಗೆ ₹9,500? ಯಾರೋ ಅವಸರ ನೋಡಿ ಸುಲಿದಿದ್ದಾರೆ. ನಾನು ಓಡಿಸುವವನು, ₹7,500ಕ್ಕೆ ಬರುತ್ತಿದ್ದೆ. ರಾತ್ರಿ ಬಸ್ ಇದ್ದವು, ರೈಲೂ ಇತ್ತು. ಅಲ್ಲದೆ ಮಳೆಗಾಲದಲ್ಲಿ ಶಿರಾಡಿಗಿಂತ ಸಂಪಾಜೆ ವಾಸಿ.

ಕದ್ರಿ ನಿವಾಸಿ:
ಅಮ್ಮನಿಗೆ ಮೊಣಕಾಲು ಮಡಚಲಾಗುವುದಿಲ್ಲ, ಅದಕ್ಕೇ ಆಸ್ಪತ್ರೆ, ಅದಕ್ಕೇ ವಿಮಾನ. ಬಸ್ಸಿನ ಮೆಟ್ಟಿಲು ಹತ್ತಿಸುವುದು ಹೇಗೆ? ಸಕಲೇಶಪುರ ದಾಟುವವರೆಗೆ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಬಂದರು. ಆ ಚಾಲಕ ನಾಲ್ಕು ಕಡೆ ತಾನಾಗಿಯೇ ನಿಲ್ಲಿಸಿದ. ಅವನನ್ನು ಸುಲಿಗೆಕೋರ ಎನ್ನಬೇಡಿ.

ಟಿಕೆಟ್ ನಾನೇ ಮಾಡಿದ್ದು, ಸಂಖ್ಯೆಯೂ ನನ್ನದೇ. ಗುಮಾಸ್ತರು ಹೇಳಿದಂತೆ ಈಗ ಟಿಕೆಟ್ ತೆಗೆದು ನೋಡಿದೆ. ಹಾರಾಟದ ಸಮಯ ಒಂದು ಗಂಟೆ ಹತ್ತು ನಿಮಿಷ. ಮೂಲ ದರ, ಇಂಧನ ಶುಲ್ಕ ಸೇರಿ ತಲೆಗೆ ₹2,985.

ನಿವೃತ್ತ ಗುಮಾಸ್ತ, ದಾವಣಗೆರೆ:
ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ ಮಿತಿ ₹7,500. ನಿಮ್ಮದು ಅದಕ್ಕಿಂತ ಕಡಿಮೆ, ಆದ್ದರಿಂದ ನಿಯಮದಂತೆ ಇಬ್ಬರಿಗೆ ₹5,970. ಮರುಪಾವತಿಯ ಮೇಲೆ ಇದು ಬೇರೆ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ಸರ್ಕಾರದ ದೂರು ಜಾಲತಾಣ ಏರ್‌ಸೇವಾದಲ್ಲಿ ದೂರು ದಾಖಲಿಸಿ, ಆಮೇಲೆ ಆಯೋಗ. ಟ್ಯಾಕ್ಸಿ ಹಣವನ್ನು ಆಯೋಗದಲ್ಲಿ ಮಾತ್ರ ಕೇಳಬಹುದು. ಬಿಲ್ ಇದೆಯೇ? ಆಸ್ಪತ್ರೆಯ ಚೀಟಿಯಲ್ಲಿ 9.30 ಎಂದು ಬರೆದಿದೆಯೇ?

ಮಂಜಿನಲ್ಲಿ ಸಿಕ್ಕವನು, ಕಲಬುರಗಿ:
₹5,970ಕ್ಕೆ ಹತ್ತೊಂಬತ್ತು ತಿಂಗಳು. ಅಮ್ಮನ ಚಿಕಿತ್ಸೆ ಮುಗಿಸಿಕೊಳ್ಳಿ ತಮ್ಮಾ.

ನಿವೃತ್ತ ಗುಮಾಸ್ತ, ದಾವಣಗೆರೆ:
ದೂರು ಹಾಕಲು ಎರಡು ವರ್ಷ ಅವಕಾಶವಿದೆ. ಚಿಕಿತ್ಸೆ ಮುಗಿಸಿಯೇ ಹಾಕಲಿ. ನೀವು ಸೋತದ್ದಕ್ಕೆ ಅವರನ್ನೇಕೆ ಕೂರಿಸುತ್ತೀರಿ?

ಕದ್ರಿ ನಿವಾಸಿ:
ಆಸ್ಪತ್ರೆಯ ಚೀಟಿಯಲ್ಲಿ ದಿನಾಂಕ, ಸಮಯ ಎರಡೂ ಇವೆ. ಟ್ಯಾಕ್ಸಿಯ ಹಣ ಫೋನ್‌ನಲ್ಲಿ ಕಳುಹಿಸಿದ್ದು, ಅದರ ದಾಖಲೆ ಸಿಕ್ಕಿತು. ಚಾಲಕನಿಗೆ ಈಗಷ್ಟೇ ಕರೆ ಮಾಡಿದೆ, ಗಾಡಿ ನಂಬರ್ ಸಮೇತ ಬಿಲ್ ಬರೆದುಕೊಡುತ್ತೇನೆ ಎಂದ. ಅಮ್ಮನ ಕಾಲು ಹೇಗಿದೆ ಎಂದೂ ಕೇಳಿದ.