ಪ್ರಾಬಬಿಲಿಟಿ ಕೋರ್ಸ್ ತಗೊಳ್ತಿದೀನಿ, ಓದಿದವ್ರು ಅನುಭವ ಹೇಳ್ತೀರಾ?

ಮುಂದಿನ ಸೆಮಿಸ್ಟರ್‌ಗೆ ಯೂನಿವರ್ಸಿಟಿಲಿ ಪ್ರಾಬಬಿಲಿಟಿ ತಗೊಂಡಿದೀನಿ. ದಾಳ, ಇಸ್ಪೀಟೆಲೆ ಲೆಕ್ಕ ಎಲ್ಲ ಹಿಂದೆ ಮಾಡಿದೀನಿ, ಆದ್ರೆ ಕ್ಯಾಲ್ಕುಲಸ್ ಮುಟ್ಟಿ ಒಂದು ವರ್ಷ ಆಯ್ತು. ವಾರಕ್ಕೆ ಎಷ್ಟು ಟೈಮ್ ಇಡ್ಬೇಕು, ಎಲ್ಲಿ ಎಡವ್ತಾರೆ, ಮೆಷರ್ ಥಿಯರಿ (ಪ್ರಾಬಬಿಲಿಟಿಗೆ ಬುನಾದಿ ಹಾಕೋ ಮೇಲ್ಮಟ್ಟದ ಗಣಿತ) ಗೊತ್ತಿರ್ಬೇಕಾ?

—

ಮೆಷರ್ ಥಿಯರಿ ಮೊದಲ ಕೋರ್ಸಿಗೆ ಬೇಡ, ಅದರ ಚಿಂತೆ ಬಿಡಿ. ಕ್ಯಾಲ್ಕುಲಸ್ ಮಾತ್ರ ಈಗ್ಲೇ ತೆಗೀರಿ. ಮೊದಲ ಮೂರು ವಾರ ಎಲ್ಲಾ ಗೊತ್ತಿರೋದೇ ಅನ್ಸುತ್ತೆ, ನಾನೂ ಹಾಗೇ ಅಂದ್ಕೊಂಡು ಅಸೈನ್‌ಮೆಂಟೆಲ್ಲ ಕೊನೇ ರಾತ್ರಿ ಕೂತು ಮುಗಿಸ್ತಿದ್ದೆ, ಆಮೇಲೆ ಕಂಟಿನ್ಯೂಯಸ್ ವೇರಿಯೇಬಲ್ (ದಾಳದ ಹಾಗೆ 1, 2, 3 ಅಲ್ಲ, ಮಧ್ಯದ ಯಾವ ಬೆಲೆನಾದ್ರೂ ಬರೋದು) ಬಂತು, ಅದೂ ಎರಡೆರಡು ಒಟ್ಟಿಗೆ, ಅಲ್ಲಿ ಕೈಕಾಲು ಆಡ್ಲಿಲ್ಲ. ಇಂಟಿಗ್ರೇಷನ್ ಕಷ್ಟ ಅಲ್ಲ, ಎಲ್ಲಿಂದ ಎಲ್ಲಿವರೆಗೆ ಅಂತ ಲಿಮಿಟ್ ಹಾಕೋದು ಕಷ್ಟ. ಮಿಡ್‌ಟರ್ಮ್‌ನಲ್ಲಿ ಎಕ್ಸ್, ವೈ ಎರಡರ ಜಾಯಿಂಟ್ ಡೆನ್ಸಿಟಿ (ಎರಡೂ ಸೇರಿ ಸಾಧ್ಯತೆ ಎಲ್ಲಿ ಎಷ್ಟು ದಟ್ಟ ಅನ್ನೋದು) 2 ಅಂತ ಕೊಟ್ಟು ಪಕ್ಕದಲ್ಲಿ ಎಕ್ಸ್ ಸೊನ್ನೆಗಿಂತ ದೊಡ್ಡದು, ವೈ ಎಕ್ಸ್‌ಗಿಂತ ದೊಡ್ಡದು 1ಕ್ಕಿಂತ ಚಿಕ್ಕದು ಅಂತ ಬರೆದಿದ್ರು. ಬರೀ 2 ತಾನೇ ಅಂತ ನಾನು ಎರಡೂ ಇಂಡಿಪೆಂಡೆಂಟ್, ಅಂದ್ರೆ ಒಂದು ಗೊತ್ತಾದ್ರೂ ಇನ್ನೊಂದರ ಸಾಧ್ಯತೆ ಬದಲಾಗಲ್ಲ ಅಂತ ಬರೆದೆ, ಇಡೀ ಪ್ರಶ್ನೆ ಹೋಯ್ತು. ಒಂದು ಚಿತ್ರ ಗೀಚಿದ್ರೆ ಸಾಕಿತ್ತು, ಜಾಗ ಚೌಕ ಅಲ್ಲ ತ್ರಿಕೋನ ಅಂತ ಕಣ್ಣಿಗೇ ಕಾಣ್ತಿತ್ತು. ಎಕ್ಸ್ 0.9 ಆದ್ರೆ ವೈ 0.9ರಿಂದ 1ರ ಮಧ್ಯೆನೇ ಇರ್ಬೇಕು, ಇಂಡಿಪೆಂಡೆಂಟ್ ಎಲ್ಲಿಂದ ಬರುತ್ತೆ? ಡಬಲ್ ಇಂಟಿಗ್ರಲ್, ಜಿಯೊಮೆಟ್ರಿಕ್ ಸೀರೀಸ್ ಎರಡನ್ನೂ ರಜೆಯಲ್ಲೇ ಕೈಯಾರೆ ಮಾಡ್ಕೊಳ್ಳಿ. ಕ್ಲಾಸ್ ಬಿಟ್ಟು ವಾರಕ್ಕೆ ಎಂಟು ಗಂಟೆ ನನಗೆ ಬೇಕಾಯ್ತು, ಒಂದೇ ದಿನ ಕೂತ್ರೆ ಆಗಲ್ಲ, ಬಿಡಿಸೋಕಾಗದ ಲೆಕ್ಕ ಒಂದು ರಾತ್ರಿ ತಲೇಲಿ ಇರ್ಬೇಕು.

—

ಚಿತ್ರದ ಮಾತು ನೂರಕ್ಕೆ ನೂರು ನಿಜ. ನಾನು ಎಡವಿದ್ದು ಅದಕ್ಕೂ ಮುಂಚೆ, ಬೇಯ್ಸ್‌ನಲ್ಲಿ, ಅಂದ್ರೆ ಟೆಸ್ಟ್ ಪಾಸಿಟಿವ್ ಬಂದ್ರೆ ನಿಜಕ್ಕೂ ಕಾಯಿಲೆ ಇರೋ ಚಾನ್ಸ್ ಎಷ್ಟು ಅನ್ನೋ ಥರದ ಲೆಕ್ಕದಲ್ಲಿ. ಸೂತ್ರ ಬಾಯಿಪಾಠ ಇತ್ತು, ಯಾವುದು ಮೇಲೆ ಯಾವುದು ಕೆಳಗೆ ಅಂತ ಪ್ರತಿ ಸಲ ಗೊಂದಲ. ಈಗ ತಲೆ ಎಣಿಸ್ತೀನಿ. 10,000 ಜನ, 100 ಜನಕ್ಕೆ ಕಾಯಿಲೆ, ಟೆಸ್ಟ್ ಅವರಲ್ಲಿ 99 ಜನರನ್ನ ಹಿಡಿಯುತ್ತೆ, ಆರೋಗ್ಯವಾಗಿರೋ 9,900 ಜನರಲ್ಲಿ ನೂರಕ್ಕೆ ಐದರ ಹಾಗೆ 495 ಜನಕ್ಕೂ ತಪ್ಪಾಗಿ ಪಾಸಿಟಿವ್ ಅನ್ನುತ್ತೆ. ಒಟ್ಟು ಪಾಸಿಟಿವ್ 594, ನಿಜವಾಗ್ಲೂ ಕಾಯಿಲೆ ಇರೋದು 99 ಜನಕ್ಕೆ, ಅಂದ್ರೆ ಆರರಲ್ಲಿ ಒಬ್ಬರಿಗೆ. ಇಷ್ಟು ಬರೆದ್ಮೇಲೆ ಸೂತ್ರ ತಾನಾಗೇ ಬರುತ್ತೆ.

—

ಎಕ್ಸ್‌ಪೆಕ್ಟೇಷನ್ (ಸರಾಸರಿ) ಚಾಪ್ಟರ್ ದಯವಿಟ್ಟು ಓಡಿಸ್ಬೇಡಿ, ನನಗೆ ಈ ಸಬ್ಜೆಕ್ಟ್ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿ. ಎಲ್ಲರ ಟೋಪಿ ಕಲಸಿ ಹಂಚಿದ್ರೆ ಸರಾಸರಿ ಎಷ್ಟು ಜನಕ್ಕೆ ತಮ್ಮದೇ ವಾಪಸ್ ಸಿಗುತ್ತೆ? ಹತ್ತು ಜನ ಇದ್ರೆ ಒಬ್ಬೊಬ್ಬರ ಚಾನ್ಸ್ ಹತ್ತರಲ್ಲೊಂದು, ಹತ್ತು ಸಲ ಕೂಡಿ, 1. ಸಾವಿರ ಜನ ಇದ್ರೂ 1. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರ ಮೇಲೆ ಪರಿಣಾಮ ಮಾಡುತ್ತಲ್ಲ ಅಂತ ನಾನು ಎರಡು ದಿನ ಒದ್ದಾಡಿದ್ದೆ, ಕೂಡೋದಕ್ಕೆ ಇಂಡಿಪೆಂಡೆನ್ಸ್ ಬೇಕೇ ಇಲ್ಲ. ವೇರಿಯನ್ಸ್ (ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋ ಅಳತೆ) ಕೂಡೋವಾಗ ಮಾತ್ರ ಹುಷಾರು, ಅಲ್ಲಿ ಕೋವೇರಿಯನ್ಸ್ (ಎರಡು ಒಟ್ಟಿಗೆ ಎಷ್ಟು ಏರಿಳಿಯುತ್ತೆ ಅನ್ನೋ ಅಳತೆ) ಮರೆತ್ರೆ ಉತ್ತರ ತಪ್ಪುತ್ತೆ.

—

ಎಲ್ರಿಗೂ ಥ್ಯಾಂಕ್ಸ್. ಆ ತ್ರಿಕೋನದ ಲೆಕ್ಕ ಈಗ ಚಿತ್ರ ಬರೆದು ಮಾಡ್ದೆ, ವೈನ ಸರಾಸರಿ 2/3 ಬಂತು, ಸರಿನಾ?

—

ಸರಿ. ಎಕ್ಸ್‌ದೂ ಮಾಡಿ, 1/3 ಬರ್ಬೇಕು.