ಪ್ರಮೋಷನ್ ತಗೊಳ್ಳಲಾ, ಬಿ.ಎಡ್ ಮಾಡಲಾ?

ಹುಬ್ಬಳ್ಳಿಯಿಂದ ಕೇಳಿದ್ದು:
ಸರ್ಕಾರಿ ಬ್ಯಾಂಕಿನಲ್ಲಿ ಕ್ಲರ್ಕ್, ವಯಸ್ಸು 36. ಆಫೀಸರ್ ಪ್ರಮೋಷನ್ ಪರೀಕ್ಷೆ ಕರೆದಿದ್ದಾರೆ. ಪಾಸಾದರೆ ಯಾವ ರಾಜ್ಯಕ್ಕೆ ಹಾಕುತ್ತಾರೋ ಗೊತ್ತಿಲ್ಲ. ಮಗಳು 4ನೇ ಕ್ಲಾಸು, ಅತ್ತೆಗೆ ಡಯಾಲಿಸಿಸ್ ನಡೆಯುತ್ತಿದೆ. ಕೆಲಸ ಬಿಟ್ಟು ಬಿ.ಎಡ್ ಮಾಡಿ ಟೀಚರ್ ಆಗೋಣ ಅನಿಸುತ್ತಿದೆ. ಅನುಭವ ಇದ್ದವರು ಹೇಳಿ.

ರಾಯಚೂರು ಮ್ಯಾನೇಜರ್:
ಪ್ರಮೋಷನ್ ಬಿಡಲೇಬೇಡಿ ಮೇಡಂ. ನನ್ನನ್ನು ಬಿಹಾರದ ಹಳ್ಳಿ ಬ್ರಾಂಚಿಗೆ ಎಸೆದಿದ್ದರು. ಲೀಸ್ ಮನೆ ಬ್ಯಾಂಕೇ ಕೊಟ್ಟಿತು, ಆದರೆ ಗ್ಯಾಸು, ಹಾಸಿಗೆ, ಫ್ಯಾನು ಎಲ್ಲಾ ಎರಡೆರಡು. ದೀಪಾವಳಿಗೆ ಪಟ್ನಾದಿಂದ ಬಂದು ಹೋಗೋಕೆ ಫ್ಲೈಟಿಗೇ 19 ಸಾವಿರ. ಸ್ಕೇಲ್ ಒನ್, ಅಂದ್ರೆ ಆಫೀಸರ್ ಹುದ್ದೆಯ ಮೊದಲ ಮೆಟ್ಟಿಲು, ಆದಾಗ ಕೈಗೆ ಜಾಸ್ತಿ ಬಂದಿದ್ದು 6 ಸಾವಿರವೂ ಇಲ್ಲ. ಮನೆಯವಳು ಮಕ್ಕಳನ್ನು ನೋಡಿಕೊಂಡು ಊರಲ್ಲೇ ಇದ್ದಳು. ಇವತ್ತು ಸ್ಕೇಲ್ ತ್ರೀ, ಊರ ಹತ್ತಿರವೇ ಇದ್ದೇನೆ.

ಮೈಸೂರು ಟೀಚರ್:
ಮನೆಯವಳು ಊರಲ್ಲೇ ಇದ್ದಳಂತೆ, ಮುಗೀತು! ಅವರನ್ನೂ ಇಲ್ಲಿ ಬರೆಯೋಕೆ ಹೇಳಿ ಸಾರ್, ಓದೋಣ.

ನಾನು ಐಟಿ ಬಿಟ್ಟು ಬಿ.ಎಡ್ ಮಾಡಿದೆ. 2 ವರ್ಷ. ಮ್ಯಾನೇಜ್‌ಮೆಂಟ್ ಸೀಟಿಗೆ 70 ಸಾವಿರ, ಅದು ಬಿಡಿ, ಪಾಠ ಯೋಜನೆ ಬರೆದು ಬರೆದು ಬೆರಳು ಊದಿಕೊಂಡಿತ್ತು, ಚಾರ್ಟು, ಮಾಡೆಲ್ಲು, ಥರ್ಮೋಕೋಲು ಅಂತ ಸ್ಟೇಷನರಿ ಅಂಗಡಿಯವನ ಮನೆ ತುಂಬಿಸಿದೆ. ಮಗೂನ ಡೇ ಕೇರಿಗೆ ತಿಂಗಳಿಗೆ 7 ಸಾವಿರ, ಸಂಜೆ 6 ದಾಟಿದರೆ ಗಂಟೆಗೆ 100 ದಂಡ. ಟೀಚರ್ ಅರ್ಹತಾ ಪರೀಕ್ಷೆ ಟಿಇಟಿಯಲ್ಲಿ 150ಕ್ಕೆ 90 ಬೇಕು, ನನಗೆ ಬಂದಿದ್ದು 87. ಈಗ ಖಾಸಗಿ ಶಾಲೆ, 14 ಸಾವಿರ, ಬೇಸಿಗೆ ರಜೆಗೆ ಅರ್ಧ ಸಂಬಳ. 4 ಗಂಟೆಗೆ ಮನೆ ಅಂತ ಯಾರು ಹಬ್ಬಿಸಿದರೋ! ಉತ್ತರ ಪತ್ರಿಕೆ ಕಟ್ಟು ಅಡುಗೆಮನೆವರೆಗೂ ಬರುತ್ತೆ. ಆದರೂ ನನ್ನ ಮಗಳು ಓದೋದು ಅದೇ ಶಾಲೆ, ಫೀಸಲ್ಲಿ ಅರ್ಧ ಬಿಟ್ಟಿದ್ದಾರೆ.

ಶಿವಮೊಗ್ಗ ಕ್ಯಾಷಿಯರ್:
ನಾನು ಪರೀಕ್ಷೆಯನ್ನೇ ಬರೆಯಲಿಲ್ಲ, ಅಮ್ಮನಿಗೆ ಲಕ್ವ ಹೊಡೆದಿತ್ತು. ನಾನೇ ಕೆಲಸ ಕಲಿಸಿದ ಹುಡುಗ ಈಗ ನನ್ನ ರಜೆ ಅರ್ಜಿಗೆ ಸಹಿ ಹಾಕುತ್ತಾನೆ. ಹಾಕಲಿ. ಅಮ್ಮ ಹೋಗುವಾಗ ಪಕ್ಕದಲ್ಲಿದ್ದೆ.

ರಾಯಚೂರು ಮ್ಯಾನೇಜರ್:
ಕೌಂಟರಲ್ಲಿ ಕೂತವರು ಕೂತೇ ಇರುತ್ತಾರೆ. ಮನೆ ತಾಪತ್ರಯ ಯಾರಿಗಿಲ್ಲ?

ಶಿವಮೊಗ್ಗ ಕ್ಯಾಷಿಯರ್:
ನಿಮ್ಮ ತಾಪತ್ರಯ ಹೊತ್ತವರು ಬೇರೆ, ಹೆಸರು ನಿಮಗೆ! ನೀವು 2010ಕ್ಕೆ ಮುಂಚೆ ಸೇರಿದ್ದಲ್ವಾ, ಹಳೇ ಪಿಂಚಣಿ ಇದೆ. ಆಮೇಲೆ ಸೇರಿದ ನಮಗೆ ಎನ್‌ಪಿಎಸ್, ಮಾರ್ಕೆಟ್ ನಂಬಿಕೊಂಡ ಪಿಂಚಣಿ. ಸುಮ್ನೆ ಬುದ್ಧಿ ಹೇಳಬೇಡಿ.

ರಾಯಚೂರು ಮ್ಯಾನೇಜರ್:
ಎನ್‌ಪಿಎಸ್‌ಗೆ ಬ್ಯಾಂಕು 14 ಪರ್ಸೆಂಟ್ ಹಾಕುತ್ತೆ, ಅದನ್ನೂ ಹೇಳಿ.

ಮೈಸೂರು ಟೀಚರ್:
ನನಗೆ ಪಿಎಫ್ ಕೂಡ ಇಲ್ಲ, ಜಗಳ ಮುಂದುವರಿಸಿ.

ಹುಬ್ಬಳ್ಳಿಯಿಂದ:
ಅತ್ತೆಯ ವಿಷಯಕ್ಕೆ ಯಾರಾದರೂ ಬರುತ್ತೀರಾ? ಅರ್ಜಿಗೆ ಶುಕ್ರವಾರ ಕೊನೆ.